ಮಧ್ಯಾಹ್ನದ ಗ್ಯಾಸು

ಲಾಡ್ಲೆಸಾಬ ಜಿಪುಣ. ತನ್ನ ಗಿರಣಿಯ ನೆಲಕ್ಕೆ ಬಿದ್ದ ಹಿಟ್ಟನ್ನೂ ಗುಡಿಸಿ ತನ್ನ ಆಡುಗಳಿಗೆ ಹಾಕುವವನು; ಯಾರಿಗೂ ಒಂದು ಬಟ್ಟಲು ಚಹಾ ಕುಡಿಸಿದವನಲ್ಲ. ಇದು ಶಾರದಾಬಾಯಿಯವರ ತೀರ್ಪು. ಆಳಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅವರು ಹನ್ನೊಂದು ವರ್ಷದಿಂದ ಅವನಲ್ಲೇ ಜೋಳ ಬೀಸಿಸುತ್ತಿದ್ದರು.

೧೯೮೦ರಲ್ಲಿ ಡೀಸೆಲ್ ಸಿಗದಾಯಿತು. ನಿಜಾಮರ ಕಾಲದಲ್ಲಿ ಲಾಡ್ಲೆಸಾಬನ ತಂದೆ ಇದ್ದಿಲ ಗ್ಯಾಸಿನ ಬಸ್ಸು ಓಡಿಸಿದ್ದ. ಆ ಬಸ್ಸಿನ ಕಬ್ಬಿಣದ ಒಲೆ ಇನ್ನೂ ಹಿತ್ತಲಲ್ಲಿ ಬಿದ್ದಿತ್ತು. ಮಗ ಅದನ್ನು ರಿಪೇರಿ ಮಾಡಿ, ಇದ್ದಿಲು ಉರಿಸಿ ಬಂದ ಗ್ಯಾಸನ್ನು ಎಂಜಿನ್ನಿಗೆ ಹಾಯಿಸಿದ. ಒಂದಿಷ್ಟೇ ಡೀಸೆಲಿನಲ್ಲಿ ಗಿರಣಿ ತಿರುಗಿತು.

ತೊಡಕು ಬೇರೆ ಕಡೆ ಇತ್ತು. ಜನ ಬೀಸಿಸಲು ಬರುವುದು ಬೆಳಿಗ್ಗೆ ಮತ್ತು ಸಂಜೆ. ನಡುವೆ ಒಲೆ ಆರಿಸಿದರೆ ಮತ್ತೆ ಹೊತ್ತಿಸಲು ಎರಡು ತಾಸು, ಅರ್ಧ ಚೀಲ ಇದ್ದಿಲು ಬೇಕು. ಅಷ್ಟರಲ್ಲಿ ಗಿರಾಕಿ ಕಲ್ಯಾಣಪ್ಪನ ಕರೆಂಟಿನ ಗಿರಣಿಗೆ ಹೋಗಿರುತ್ತಾನೆ. ಆರಿಸದಿದ್ದರೆ ಮಧ್ಯಾಹ್ನದ ಗ್ಯಾಸೆಲ್ಲ ಗಾಳಿಪಾಲು. ಹೀಗೇ ನಡೆದರೆ ಗಿರಣಿ ಮುಚ್ಚಬೇಕಾಗುತ್ತಿತ್ತು.

"ಹೊರದೇಶದಾಗ ಇದಕ್ಕ ಏನ್ ಮಾಡ್ತಾರ್ರಿ ಬಾಯೋರ?" ಬೀಸಿಸಲು ಬಂದ ಶಾರದಾಬಾಯಿಯವರನ್ನು ಲಾಡ್ಲೆಸಾಬ ಕೇಳಿದ.

ಶಾರದಾಬಾಯಿ ಒಂದು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದರು. ಕಲ್ಲಿದ್ದಲಿನಿಂದ ಗ್ಯಾಸು ತೆಗೆದು ಕರೆಂಟು ಮಾಡುವ ಕಡೆ, ಕರೆಂಟಿಗೆ ಬೇಡಿಕೆ ಇಳಿದಾಗಲೂ ಒಲೆ ಆರಿಸಬೇಕಾಗಿಲ್ಲ. ಅದೇ ಗ್ಯಾಸಿನಿಂದ ಮೆಥನಾಲ್ ಎಂಬ ಸ್ಪಿರಿಟ್ಟು ಮಾಡಿ ಮಾರಬಹುದು ಎಂದು ಲೆಕ್ಕ ಹಾಕುತ್ತಿದ್ದಾರೆ.

"ಆ ಸ್ಪಿರಿಟ್ಟಿನ ಮಷೀನು, ಕರೆಂಟು ಬೇಕಾದಾಗ ಏನ್ ಮಾಡ್ತದ?"

"ಸುಮ್ಮನ ಇರ್ತದ."

"ಹಂಗಾದ್ರ ಒಂದು ಎದ್ದಾಗ ಒಂದು ಮಲಗ್ತದ. ಎರಡನೇದ್ದು ಅಗ್ಗಾರ ಇರಬೇಕ್ರಿ, ಇಲ್ಲಾ ಅದರ ಮಾಲಾರ ತುಟ್ಟಿ ಇರಬೇಕು. ಇಲ್ಲಂದ್ರ ಮಲಗಿದ್ದಕ್ಕೂ ನಾವೇ ಊಟ ಹಾಕಬೇಕಾಗ್ತದ."

ಪತ್ರಿಕೆ ಇದನ್ನು ಹೇಳಲು ಎಂಟು ಪುಟ ತೆಗೆದುಕೊಂಡಿತ್ತು.

ಅಂಥ ಅಗ್ಗದ ಎರಡನೆಯದು ಅವನಿಗೆ ಸಿಕ್ಕಿತು. ಹಳೆಯ ತಗಡುಗಳನ್ನು ಇಟ್ಟಿಗೆಯ ಮೇಲೆ ಹಾಸಿ, ಕೆಳಗೆ ಮಧ್ಯಾಹ್ನದ ಗ್ಯಾಸು ಉರಿಸಿದ. ಬೇಳೆ ಒಡೆಯುವ ಮೊದಲು ತೊಗರಿಗೆ ಎಣ್ಣೆ ಸವರಿ ಒಣಗಿಸಬೇಕು; ಮಳೆಗಾಲದಲ್ಲಿ ಬಿಸಿಲೆಲ್ಲಿ? ಮನೆಯಲ್ಲಿ ಬೇಳೆ ಒಡೆದು ಮಾರುವ ಹೆಂಗಸರು ಚೀಲ ಹೊತ್ತು ಬಂದರು. ಚೀಲಕ್ಕೆ ಒಂದು ಸೇರು ತೊಗರಿ ಕೂಲಿ. ಆ ಸೇರುಗಳಿಂದಲೇ ಗಿರಣಿ ಉಳಿಯಿತು.

ಆಗಸ್ಟಿನಲ್ಲಿ ಐದು ದಿನ ಮಳೆ ಬಿಡಲಿಲ್ಲ. ಇದ್ದಿಲು ತೇವಗೊಂಡು ಗ್ಯಾಸು ಕಡಿಮೆಯಾಗಿ, ಬೇಳೆ ಮಾರುವ ಮಲ್ಕಮ್ಮ ಹಿಂದಿನ ಮಧ್ಯಾಹ್ನ ತಂದ ಎರಡು ಚೀಲ ತೊಗರಿ ಬೆಳಗಾದರೂ ಒಣಗಿರಲಿಲ್ಲ. ಹನ್ನೆರಡು ಡಬ್ಬಿ ಜೋಳ ಪಾಳಿಯಲ್ಲಿದ್ದವು, ಮೊದಲನೆಯದು ಶಾರದಾಬಾಯಿಯವರದು. ಎಂಜಿನ್ನಿಗೂ ತಗಡಿಗೂ ಸಾಲುವಷ್ಟು ಗ್ಯಾಸು ಇರಲಿಲ್ಲ.

"ಚಾಲೂ ಮಾಡೋ ಸಾಬಾ! ಕಲ್ಯಾಣಪ್ಪನ ಕಡೆ ಕರೆಂಟು ಬಂದದ," ಎಂದು ಯಾರೋ ಕೂಗಿದರು.

ಲಾಡ್ಲೆಸಾಬ ಒಂದು ತೊಗರಿ ಕಾಳು ಬಾಯಿಗೆ ಹಾಕಿ ಕಚ್ಚಿದ. ಮೆತ್ತಗಿತ್ತು.

"ನನ್ನ ತೊಗರಿ ತಗದುಬಿಡ್ರಿ ಮಾಮಾ," ಮಲ್ಕಮ್ಮ ಎಂದಳು. "ಹೆಂಗಾರ ಮಾಡ್ತೇನಿ."

"ಬೂಸ್ಟು ಹಿಡದ್ರ ಸಂತ್ಯಾಗ ಯಾರ್ ಮುಟ್ತಾರ ಬೇ? ಸುಮ್ಮ ಕುಂದ್ರು."

ಎರಡು ಸೇರು ತೊಗರಿಯ ಕೂಲಿಗೆ ಹನ್ನೆರಡು ಗಿರಾಕಿಗಳನ್ನು ಬಿಟ್ಟುಕೊಡುವುದು. ಶಾರದಾಬಾಯಿ ಮನಸ್ಸಿನಲ್ಲೇ ಎರಡು ಸಲ ಲೆಕ್ಕ ಹಾಕಿದರು. ಎರಡು ಸಲವೂ ಅದು ಕೂಡಲಿಲ್ಲ.

ಲಾಡ್ಲೆಸಾಬ ಎಂಜಿನ್ನಿನ ಪಟ್ಟಾ ಕಳಚಿ ಮೊಳೆಗೆ ತೂಗುಹಾಕಿದ. "ಕಲ್ಯಾಣಪ್ಪನ ಕಡೆ ಹೋಗ್ರಿ ಬಾಯೋರ, ಸಾಲಿಗೆ ಹೊತ್ತಾಗ್ತದ," ಎಂದು ಬಗ್ಗಿ, ಎರಡೂ ಕೈಯಿಂದ ತೊಗರಿ ಹೊರಳಿಸತೊಡಗಿದ.