ಕೂತವನು ಏಳುವ ವಿಚಾರ

ಕಳೆದ ಕಾರ್ತಿಕ ಮಾಸದ ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ, ನಾನು ರಾಜಗೋಪಾಲನಗರದ ನಮ್ಮ ಪಾರ್ಕಿನ ಹುಲ್ಲುಹಾಸಿನ ನಟ್ಟನಡುವೆ, ನೀರಿನ ತೊಟ್ಟಿಯಿಂದ ಹದಿನಾಲ್ಕು ಹೆಜ್ಜೆ ಪೂರ್ವಕ್ಕೆ ನಿಂತಿದ್ದೆ. ನಿಂತಿದ್ದೆ ಎಂಬ ಮಾತನ್ನು ದಯವಿಟ್ಟು ಗಮನಿಸಿ. ಆರು ನಲವತ್ತಮೂರಕ್ಕೆ ಕೂತೆ. ಅಲ್ಲಿಂದ ಏಳು ಗಂಟೆ ಆರು ನಿಮಿಷದವರೆಗೆ ನಡೆದದ್ದನ್ನು ನೆನೆದರೆ ಈಗಲೂ ಹಿಡಿದುಕೊಳ್ಳಲು ಏನಾದರೂ ಹುಡುಕುತ್ತೇನೆ. ಆದ್ದರಿಂದ ನಿಧಾನವಾಗಿ, ಒಂದಾದ ಮೇಲೊಂದು ಹೇಳುತ್ತೇನೆ. ನೀವೂ ಅವಸರ ಮಾಡಬೇಡಿ. ಸಾಧ್ಯವಾದರೆ ಕುರ್ಚಿಯ ಮೇಲೆ ಕೂತು ಓದಿ.

ಅರವತ್ತು ದಾಟಿದವರಿಗೆ ಗೊತ್ತಿರುವ, ದಾಟದವರು ನಂಬದ ಒಂದು ಸಂಗತಿಯಿದೆ: ವಯಸ್ಸಾದಂತೆ ನೆಲ ದೂರವಾಗುತ್ತಾ ಹೋಗುತ್ತದೆ. ಮೊದಲು ಕೈಗೆಟಕುವಷ್ಟರಲ್ಲಿದ್ದ ನೆಲ ಈಗ ಯಾರೋ ಪರಿಚಯದವರ ಊರಿನಂತೆ. ಹೋಗಬಾರದೆಂದೇನಿಲ್ಲ, ಆದರೆ ಮೊದಲೇ ಯೋಚಿಸಿ ಹೊರಡಬೇಕು. ಕನ್ನಡಕದ ಡಬ್ಬಿ ಕೆಳಗೆ ಬಿದ್ದರೆ ನಾನು ತಕ್ಷಣ ಬಗ್ಗುವುದಿಲ್ಲ. ಇನ್ನೂ ಏನಾದರೂ ಬೀಳಲಿ, ಒಂದೇ ಪ್ರಯಾಣದಲ್ಲಿ ಎಲ್ಲವನ್ನೂ ತಂದುಬಿಡೋಣ ಎಂದು ಕಾಯುತ್ತೇನೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮಂಡಿ ಸ್ವಲ್ಪ ಸವೆದಿದೆ ಸಾರ್, ವ್ಯಾಯಾಮ ಮಾಡಿ" ಅಂದರು. ಸ್ವಲ್ಪ ಎಂದರೆ ಎಷ್ಟು ಎಂದು ಕೇಳಿದೆ. "ಸ್ವಲ್ಪ ಅಂದ್ರೆ ಸ್ವಲ್ಪ" ಎಂದರು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಇನ್‌ಸ್ಪೆಕ್ಷನ್ ಟೇಬಲ್ಲಿನ ಹಿಂದೆ ಕೂತು ಶಾಫ್ಟುಗಳ, ಅಂದರೆ ಯಂತ್ರದೊಳಗೆ ತಿರುಗುವ ಉಕ್ಕಿನ ದಂಡಗಳ, ದಪ್ಪ ಅಳೆದವನು ನಾನು. "ಸ್ವಲ್ಪ ದಪ್ಪ ಇದೆ" ಎಂದು ತಂದವರನ್ನೆಲ್ಲ ಅಳತೆ ಬರೆದುಕೊಂಡು ಬಾ ಎಂದು ವಾಪಸು ಅಟ್ಟಿದ್ದೇನೆ. ಡಾಕ್ಟರನ್ನು ಅಟ್ಟುವಂತಿರಲಿಲ್ಲ.

ಮಂಡಿಯ ಪಾಡಿಗೆ ಮಂಡಿ ಇರಲಿ ಎಂದು ಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಹುಡುಗ ಬೊಮ್ಮಸಂದ್ರದವನು. ಮದುವೆಗೆ ಮುಂಚೆ ನಮ್ಮಲ್ಲಿ ವೀಳ್ಯಶಾಸ್ತ್ರ: ಎರಡೂ ಕಡೆಯ ತಂದೆತಾಯಿ ಜಮಖಾನದ ಮೇಲೆ ಎದುರುಬದುರು ಚಕ್ಕಂಬಕ್ಕಳ ಹಾಕಿ ಕೂತು, ಮಂತ್ರ ಮುಗಿದ ಮೇಲೆ ತಾಂಬೂಲದ ತಟ್ಟೆ ಬದಲಾಯಿಸಿಕೊಳ್ಳಬೇಕು. ನನ್ನ ತಮ್ಮ ನಾಗರಾಜ, ಎಂದೂ ಏನೂ ನೋಯದ ಮನುಷ್ಯ, ಒಂದು ದಿನ ಕಾಫಿ ಕುಡಿಯುತ್ತಾ ಹೇಳಿದ:

"ಅಣ್ಣ, ಕುರ್ಚಿ ಮೇಲೆ ಕೂತ್ಕೊಂಡು ವೀಳ್ಯ ಕೊಟ್ರೆ ಗಂಡಿನ ಕಡೆಯವ್ರು ಏನಂದ್ಕೋತಾರೆ? ನಿನ್ ಕೈಲಿ ಆಗಲ್ಲ ಬಿಡು. ನಾನೂ ನನ್ ಹೆಂಡ್ತೀನೂ ಕೂತ್ಕೋತೀವಿ."

ಈ ಶಾಸ್ತ್ರಕ್ಕೆ ಗಂಡ ಹೆಂಡತಿ ಜೋಡಿಯಾಗಿಯೇ ಕೂರಬೇಕು. ಅಂದರೆ ನಾನು ಕೂರದಿದ್ದರೆ ನನ್ನ ಹೆಂಡತಿ ಸರೋಜಳೂ ಕೂರುವಂತಿಲ್ಲ. ಅವಳು ಬೀರುವಿನಿಂದ ಹಸಿರು ರೇಷ್ಮೆ ಸೀರೆ ತೆಗೆದು ಮಡಿಲಲ್ಲಿಟ್ಟುಕೊಂಡು, ಒಂದು ಸಲ ಸವರಿ, ಮತ್ತೆ ಬೀರುವಿನಲ್ಲೇ ಇಟ್ಟಳು. ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಡಿಸಿದ ಸೀರೆಯನ್ನು ತಡೆದುಕೊಳ್ಳಲಾಗಲಿಲ್ಲ. "ನಾನೇ ಕೂರ್ತೀನಿ" ಎಂದುಬಿಟ್ಟೆ. ಶಾಸ್ತ್ರಕ್ಕೆ ಇಪ್ಪತ್ತೊಂದು ದಿನ ಉಳಿದಿತ್ತು.

ನಾನು ಮಾಡಿದ್ದು ಕಾರ್ಖಾನೆಯ ಮನುಷ್ಯ ಮಾಡುವ ಕೆಲಸ. ಮೆಷಿನ್ನು ಕೂರಿಸುವಾಗ ಮಟ್ಟ ಬರಲೆಂದು ಅಡಿಗೆ ಕೊಡುವ ಹಲಗೆ ತುಂಡುಗಳಿರುತ್ತವಲ್ಲ, ಅಂಥ ಹದಿನೆಂಟನ್ನು ಒಂದರ ಮೇಲೊಂದು ಪೇರಿಸಿ, ಮಲಗುವ ಕೋಣೆಯ ಕಿಟಕಿಯ ಪಕ್ಕ ಇಟ್ಟು ಅದರ ಮೇಲೆ ಕೂತೆ. ದಿನಕ್ಕೊಂದು ತುಂಡು ತೆಗೆಯುವುದು. ಒಂದು ಲೆಕ್ಕದ ಪುಸ್ತಕದಲ್ಲಿ 'ಕೂತೆ, ಸರಿ ಇದೆ' ಎಂದು ಬರೆದು ಸಹಿ ಹಾಕುವುದು. ಹೀಗೆ ದಿನಾ ಒಂದೊಂದು ಹಲಗೆಯಷ್ಟು ಭೂಮಿಗೆ ಹತ್ತಿರವಾಗುತ್ತಾ ಬಂದೆ. ಸರೋಜ ಬಾಗಿಲಲ್ಲಿ ನಿಂತು, "ಮೊಟ್ಟೆ ಇಡೋ ಕೋಳಿ ಥರಾ ಕಾಣ್ತಿದೀರ" ಎನ್ನುತ್ತಿದ್ದಳು. ಆದರೂ ಹಲಗೆಗಳ ಧೂಳು ಒರೆಸಿಡುತ್ತಿದ್ದವಳು ಅವಳೇ. ಹತ್ತೊಂಬತ್ತನೆಯ ದಿನ ಹಲಗೆಗಳು ಮುಗಿದವು. ಬರಿನೆಲದ ಪರೀಕ್ಷೆಯನ್ನು ತೆರೆದ ಜಾಗದಲ್ಲಿ ಮಾಡೋಣವೆಂದು ಪಾರ್ಕಿಗೆ ಹೋದೆ.

ಕೂತೆ. ಸರಿ ಇತ್ತು. ಚಕ್ಕಂಬಕ್ಕಳವೂ ಬಿತ್ತು. ಬೆಳಗಿನ ಬಿಸಿಲು, ಹಸಿ ಹುಲ್ಲು, ಎದೆಯೊಳಗೆ ಒಂದು ಸಣ್ಣ ವಿಜಯೋತ್ಸವ. ಏಳಲು ಹೋದಾಗ ಗೊತ್ತಾಯಿತು, ಇಷ್ಟು ದಿನ ನಾನು ಪರೀಕ್ಷಿಸಿದ್ದು ಕೂರುವುದನ್ನು ಮಾತ್ರ. ದಿನಾ ಏಳುವಾಗ ನನಗೇ ಅರಿವಿಲ್ಲದೆ ಕಿಟಕಿಯ ಸರಳು ಹಿಡಿದು ಎದ್ದಿದ್ದೇನೆ. ಪುಸ್ತಕದಲ್ಲಿ ಸರಳಿನ ಸುದ್ದಿಯೇ ಇಲ್ಲ. ತಪ್ಪು ಎಲ್ಲಿಂದ ಬಂತೆಂದೂ ಹೇಳುತ್ತೇನೆ. ಕಾರ್ಖಾನೆಯಲ್ಲಿ ಶಾಫ್ಟು ತೂತಿನೊಳಗೆ ಹೋಗುತ್ತದೆಯೇ ಎಂದು ನೋಡುವುದಷ್ಟೇ ನಮ್ಮ ಟೇಬಲ್ಲಿನ ಕೆಲಸ. ಒಳಗೆ ಹೋದದ್ದನ್ನು ಹೊರಗೆ ತೆಗೆಯುವುದು ಬೇರೆ ಡಿಪಾರ್ಟ್‌ಮೆಂಟು. ನನ್ನ ದೇಹಕ್ಕೆ ಆ ಬೇರೆ ಡಿಪಾರ್ಟ್‌ಮೆಂಟೂ ನಾನೇ ಎಂಬುದು ಹೊಳೆದಿರಲಿಲ್ಲ.

ಮೂರು ಸಲ ಪ್ರಯತ್ನಿಸಿದೆ. ಮೊದಲನೆಯದರಲ್ಲಿ ತಲೆ ಎದ್ದಿತು, ಮಿಕ್ಕಿದ್ದು ಏಳಲಿಲ್ಲ. ಎರಡನೆಯದರಲ್ಲಿ ಎಡಕ್ಕೆ ವಾಲಿದೆ. ಮೂರನೆಯದನ್ನು ವಿವರಿಸುವುದಿಲ್ಲ. ಅಷ್ಟರಲ್ಲಿ ನಗೆಕೂಟದವರು, ಒಟ್ಟು ಒಂಬತ್ತು ಜನ, ಬಂದರು. ಅವಮಾನವಾಗದಿರಲೆಂದು ಕಣ್ಣು ಮುಚ್ಚಿದೆ. ಜೀವನದಲ್ಲಿ ಅಷ್ಟು ಕೆಟ್ಟ ನಿರ್ಧಾರ ಇನ್ನೊಂದು ಮಾಡಿಲ್ಲ. "ಶ್, ಧ್ಯಾನದಲ್ಲಿದಾರೆ ಕಣ್ರೀ" ಎಂದಿತು ಒಂದು ದನಿ. "ನೋಡ್ರೀ, ಈ ವಯಸ್ಸಲ್ಲೂ ಎಂಥಾ ಆಸನ!" ಎಂದಿತು ಇನ್ನೊಂದು. ಆ ದಿನ ನಗೆಕೂಟದವರು ನನಗೆ ತೊಂದರೆಯಾಗದಂತೆ ಸದ್ದಿಲ್ಲದೆ ನಕ್ಕು ಹೋದರು. ನಾನು ಕೂತೇ ಇದ್ದೆ. ಒಂದು ಇರುವೆ ಪಾದದಿಂದ ಹೊರಟು ಮಂಡಿಯವರೆಗೆ ಬಂದು, ಅಲ್ಲಿ ಸ್ವಲ್ಪ ನಿಂತು, ವಾಪಸು ಹೋಯಿತು.

ಪಾರ್ಕು ಗುಡಿಸುವ ಯಲ್ಲಮ್ಮ ಮಾತ್ರ ಮೋಸಹೋಗಲಿಲ್ಲ. ರಾಯಚೂರು ಕಡೆಯಿಂದ ಬಂದು ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಇರುವ ಹೆಂಗಸು. ಪೊರಕೆ ನಿಲ್ಲಿಸಿ ಕೇಳಿದಳು:

"ಯಾಕ್ರೀ ಅಣ್ಣಾರ, ಏಳಾಕ ಬರವಲ್ದೇನು?"

"ಧ್ಯಾನ ಮಾಡ್ತಿದೀನಮ್ಮ."

"ಧ್ಯಾನ ಮಾಡೋರು ಹಿಂಗ ಬೆವರ್ತಾರೇನ್ರೀ?"

ಒಪ್ಪಿಕೊಂಡೆ. ಅವಳು ಕೈ ಕೊಡಲು ಬರಲಿಲ್ಲ. ನನ್ನ ಗಾತ್ರ ನೋಡಿ, ಇಬ್ಬರೂ ಬೀಳುತ್ತೇವೆಂದು ಲೆಕ್ಕ ಹಾಕಿರಬೇಕು. ಪೊರಕೆಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ಹೇಳಿದಳು:

"ನೀವು ಕುದರಿಗತೆ ಮುಂದ ಎತ್ತಾಕ ಹೊಂಟೀರಿ. ಆಕಳ ಹೆಂಗ ಏಳ್ತೈತಿ ನೋಡಿಲ್ಲೇನು? ತಿರುಗ್ರಿ, ಕೈ ಊರ್ರಿ, ಮೊದಲ ಹಿಂದಿಂದ ಎತ್ರಿ. ತಲಿ ಆಮ್ಯಾಲೆ."

ತಿರುಗಿದೆ. ಕೈ ಊರಿದೆ. ಹಿಂದಿನದನ್ನು ಮೊದಲು ಎತ್ತಿದೆ. ಏಳು ಗಂಟೆ ಆರು ನಿಮಿಷಕ್ಕೆ ನಿಂತಿದ್ದೆ. ತಲೆಯನ್ನೇ ಮೊದಲು ಎತ್ತಬೇಕೆಂಬ ಹಟದಲ್ಲಿ ಮನುಷ್ಯ ಎಷ್ಟು ಕಡೆ ಕೂತಲ್ಲೇ ಉಳಿದಿರಬಹುದು ಎಂದು ಮನೆಗೆ ನಡೆಯುತ್ತಾ ಯೋಚಿಸಿದೆ. ಆದರೆ ಗೇಟು ದಾಟುವ ಹೊತ್ತಿಗೆ ಮಂಡಿ ನೋವು ಬಂದು ಆ ತತ್ವ ಅಲ್ಲಿಗೇ ನಿಂತಿತು.

ಎರಡು ದಿನ ಬಿಟ್ಟು ವೀಳ್ಯಶಾಸ್ತ್ರ. ಕೂತೆ, ಪಕ್ಕದಲ್ಲಿ ಹಸಿರು ಸೀರೆಯ ಸರೋಜ ಕೂತಳು. ಎದುರಿಗೆ ಹುಡುಗನ ತಂದೆ ಮುನಿರಾಜಪ್ಪ, ಅವರ ಹೆಂಡತಿ. ಹಿಂದೆ ಹೊಲವಿದ್ದ ಜಾಗದಲ್ಲಿ ಈಗ ಮನೆಗಳನ್ನು ಬಾಡಿಗೆಗೆ ಕೊಟ್ಟಿರುವ, ದೊಡ್ಡ ಮೀಸೆಯ, ಕಡಿಮೆ ಮಾತಿನ ಗಂಭೀರ ಮನುಷ್ಯ. ನಮ್ಮೊಂದಿಗೆ ಅಲ್ಲಿಯವರೆಗೆ ನಕ್ಕಿರಲಿಲ್ಲ. ನಲವತ್ತು ನಿಮಿಷ ಮಂತ್ರ. ತಟ್ಟೆ ಬದಲಾಯಿತು. ಪುರೋಹಿತರು "ಏಳಬಹುದು" ಎಂದರು. ಮುನಿರಾಜಪ್ಪನವರ ಹೆಂಡತಿ ಥಟ್ಟನೆ ಎದ್ದು ನಿಂತರು. ಮಿಕ್ಕವರು ಏಳಲಿಲ್ಲ.

ಇನ್ನೂರು ಜನರೆದುರು ಹಸುವಿನಂತೆ ತಿರುಗುವುದೋ ಬೇಡವೋ ಎಂದು ನಾನು ಕೂತಿದ್ದೆ. ಮುನಿರಾಜಪ್ಪನವರೇಕೆ ಕೂತಿದ್ದಾರೆಂದು ಗೊತ್ತಾಗಲಿಲ್ಲ.

"ನೀವ್ ಮೊದ್ಲು ಏಳಿ ಬೀಗ್ರೇ" ಎಂದರು.

"ಛೆ ಛೆ, ಗಂಡಿನ ಕಡೆಯವರು ನೀವು. ನೀವು ಮೊದಲು."

"ಎಣ್ಣಿನ ತಂದೆ ನೀವು. ನೀವೇ."

ಹೀಗೆ ಐದು ಸಲ. ಸುತ್ತಲಿದ್ದವರು ನಮ್ಮ ವಿನಯಕ್ಕೆ ತಲೆದೂಗತೊಡಗಿದರು. ಐದನೆಯ ಸಲ ಅವರ ಮೀಸೆಯ ಕೆಳಗೆ ಬೆವರು ಕಂಡಿತು. ಆ ಬೆವರು ನನಗೆ ಪರಿಚಯದ್ದು. ಮುಂದಕ್ಕೆ ಬಗ್ಗಿ ಮೆಲ್ಲಗೆ ಕೇಳಿದೆ:

"ಬೀಗ್ರೇ, ನಿಮ್ಮನೇಲಿ ಹಸು ಇತ್ತಾ?"

"ಆರಿದ್ವು. ಯಾಕೆ?"

"ಅದು ಹೇಗೆ ಏಳ್ತಿತ್ತು?"

ಒಂದು ಕ್ಷಣ ನೋಡಿದರು. ಮೀಸೆ ಅಲುಗಿತು. "ಇಂದ್ಗಡೆ ಎತ್ಕಂಡು" ಎಂದರು. "ಒಟ್ಗೇ ಏಳನ?"

ಒಟ್ಟಿಗೇ ತಿರುಗಿದೆವು, ಒಟ್ಟಿಗೇ ಕೈ ಊರಿದೆವು, ಎರಡು ರೇಷ್ಮೆ ಪಂಚೆಗಳು ಒಟ್ಟಿಗೇ ಮೇಲಕ್ಕೆ ಹೋದವು. ನಿಂತ ಮೇಲೆ ಮುನಿರಾಜಪ್ಪನವರು ನನ್ನನ್ನು ತಬ್ಬಿಕೊಂಡು ಗಟ್ಟಿಯಾಗಿ ನಕ್ಕರು. ಅದು ಅವರ ಕಡೆಯ ಶಾಸ್ತ್ರವಿರಬೇಕೆಂದು ನಮ್ಮ ನೆಂಟರಲ್ಲಿ ಕೆಲವರು ಈಗಲೂ ತಿಳಿದಿದ್ದಾರೆ.

ಇದನ್ನು ಕಂಡವರಲ್ಲಿ ಮುನಿರಾಜಪ್ಪನವರು ಇದ್ದಾರೆ; ಫೋನು ಮಾಡಿದಾಗ ಮೊದಲು ಮಂಡಿ ವಿಚಾರಿಸಿ ಆಮೇಲೆ ಮಕ್ಕಳನ್ನು ವಿಚಾರಿಸುತ್ತಾರೆ. ನಾಗರಾಜ ಇದ್ದಾನೆ, ಅವನ ಮೊಬೈಲಿನಲ್ಲಿ ವಿಡಿಯೋ ಕೂಡ ಇದೆ. ಅದನ್ನು ನೂರು ಸಲ ನೋಡಿದ ಅವನಿಗೂ ಕಾಣದ ಒಂದು ಸಂಗತಿಗೆ ಸಾಕ್ಷಿ ನನ್ನ ಬೆನ್ನು. ಎಲ್ಲರೂ ನಮ್ಮಿಬ್ಬರ ಹಿಂಭಾಗ ನೋಡುತ್ತಿದ್ದ ಆ ಹೊತ್ತಿನಲ್ಲಿ, ನಾನು ನಾಲ್ಕು ಕಾಲಲ್ಲಿದ್ದಾಗ, ಬಳೆ ತೊಟ್ಟ ಒಂದು ಕೈ ನನ್ನ ಎಡಬೆನ್ನಿನ ಮೇಲೆ ಬಲವಾಗಿ ಊರಿತು. ಅದರ ಆಸರೆಯಲ್ಲಿ ಯಾರೋ ಮೆಲ್ಲಗೆ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡರು. ಹದಿನೆಂಟು ದಿನ ನನ್ನ ಹಲಗೆಗಳ ಧೂಳು ಒರೆಸಿದವಳು ತನ್ನ ಮಂಡಿಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ, ನಾನೂ ಕೇಳಿರಲಿಲ್ಲ. ಸರೋಜ ಇದ್ದಾಳೆ, ಇಲ್ಲೇ ಅಡುಗೆಮನೆಯಲ್ಲಿ. ಕೇಳಿದರೆ, ಅಂಥದ್ದೇನೂ ನಡೆದೇ ಇಲ್ಲ ಎನ್ನುತ್ತಾಳೆ.