ಮಳೆ ಬರಂಗಿಲ್ಲ ಅಂದವನ ಅಂಜಿಕೆ

'ಮಳಿ ಬರತೈತೇನಪಾ?' ಅಂತ ಯಾರಾದರೂ ಕೇಳಿದರೆ ಈಗ ನನ್ನ ಎದೆ ಡವಡವ ಅನ್ನುತ್ತದೆ. ಮಳೆಗಾಗಿ ಬಾಯಿಬಿಡುವ ನಮ್ಮ ಸೀಮೆಯಲ್ಲಿ ಮಳೆಗೆ ಅಂಜುತ್ತೇನೆ ಅಂದರೆ ಉಗಿಯುತ್ತಾರೆ. ನಿಮಗಷ್ಟೇ ಹೇಳುತ್ತಿದ್ದೇನೆ.

ಕೊಟ್ಟೂರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಮೋಡದ ನಕ್ಷೆ ನೋಡುವ ಚಟ. ಉತ್ತರಿ, ಹಸ್ತಿ ಅಂತ ಬೆರಳು ಮಡಚಿ ಮಳೆ ನಕ್ಷತ್ರ ಎಣಿಸುವ ಹಿರಿಯರೂ ಬಂದು, 'ಏನಂತೈತಿ ನಿನ್ನ ಮೊಬೈಲು?' ಅನ್ನತೊಡಗಿದಾಗ ಸ್ವಲ್ಪ ಉಬ್ಬಿದೆ. ಸ್ವಲ್ಪವೇನು, ಬಹಳವೇ.

ಹಡಗಲಿ ಕಡೆಯವರು ಪುಣ್ಯವಂತರು. ಹೊಳೆ ಏರುವ ಮುಂಚೆ ಆಟೋಗೆ ಮೈಕು ಕಟ್ಟಿ ಸಾರುತ್ತಾರೆ. ಬರವೂ ಅಷ್ಟೇ, ತಿಂಗಳುಗಟ್ಟಲೆ ಮುಖ ತೋರಿಸಿಯೇ ಬರುತ್ತದೆ. ನಮ್ಮ ಮಳೆಗೆ ಆ ಮರ್ಯಾದೆಯಿಲ್ಲ. ಈ ಹೊಲಕ್ಕೆ ಸುರಿದು ಪಕ್ಕದ ಹೊಲ ಬಿಡುತ್ತದೆ. ಅಂಥದ್ದರ ಭವಿಷ್ಯ ಹೇಳಲು ಹೊರಟವನು ನಾನು!

ಕಾನಹೊಸಹಳ್ಳಿ ಹತ್ತಿರದ ಹಳ್ಳಿಯಲ್ಲಿ ನನ್ನ ಸೋದರತ್ತೆ ಗಂಗಮ್ಮ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುತ್ತಾಳೆ. ಮಣ್ಣಿನ ಮಾಳಿಗೆ ಮನೆ, ತೊಲೆಗಳ ಮೇಲೆ ಮಣ್ಣೇ ಚಾವಣಿ. ಮಳೆಗೆ ಮುಂಚೆ ಮೇಲೆ ಸವಳು ಮಣ್ಣು ಹರಡಿ ಬಿರುಕು ಮುಚ್ಚಿಸಬೇಕು. ಅವತ್ತು ಬೆಳಿಗ್ಗೆ ಫೋನು ಮಾಡಿ, 'ಇವತ್ತ ಆಳು ಕರಸಲೇನೋ?' ಅಂದಳು. ಮೊಬೈಲು 'ಸಾಧ್ಯತೆ ಕಡಿಮೆ' ಅನ್ನುತ್ತಿತ್ತು. ನಾನು, 'ಬರಂಗಿಲ್ಲ ಬಿಡತ್ತಿ, ಮುಂದಿನ ವಾರ ಹಾಕಿಸು' ಅಂದುಬಿಟ್ಟೆ.

ಮಧ್ಯಾಹ್ನ ಮುಗಿಲು ಹರಿದುಬಿದ್ದಂಥ ಮಳೆ. ಅತ್ತೆಗೆ ಫೋನು ಹತ್ತಲೊಲ್ಲದು. ಶಟರ್ ಎಳೆದು ಬೈಕು ತೆಗೆದೆ. ಹಳ್ಳದ ನೀರು ರಸ್ತೆ ಮೇಲೆ ಹರಿಯುತ್ತಿತ್ತು. ಹಸಿ ಮಾಳಿಗೆ, ಅದರ ಕೆಳಗೆ ಒಲೆ, ಒಲೆ ಮುಂದೆ ಅತ್ತೆ. ದೇವರೇ, ಆಕೆ ಇವತ್ತೊಂದು ದಿನ ನನ್ನ ಮಾತು ನಂಬದೇ ಇರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ.

ಹೋಗಿ ನೋಡಿದರೆ ಹಿಂದಿನ ಕೋಣೆಯ ಮಾಳಿಗೆ ಕುಸಿದು ಮಣ್ಣಗುಡ್ಡೆಯಾಗಿತ್ತು. ಅತ್ತೆ ಮುಂದಿನ ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಿದ್ದಳು! ತಲೆ ಮೇಲಿನ ತೊಲೆ ಸಂದಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು.

'ಹೊರಗ ಬರಬಾರದೇನತ್ತಿ!' ಅಂತ ಕಿರುಚಿದೆ.

'ಬರಂಗಿಲ್ಲ ಅಂತ ನೀನ ಹೇಳಿದ್ದೆಲ್ಲೋ. ಈಗ ನಿಂತೀತು ಅಂತ ಕುಂತೀನಿ. ಇನ್ನಾ ಬರತೈತೇನು?'

ಚಟ ನೋಡಿ, ಕೈ ಜೇಬಿಗೆ ಹೋಯಿತು. ಮೊಬೈಲು ಈಗಲೂ 'ಕಡಿಮೆ' ಅನ್ನುತ್ತಿತ್ತು. 'ಇಲ್ಲ' ಅನ್ನುವುದು ತುಟಿಯವರೆಗೆ ಬಂತು. ನುಂಗಿಕೊಂಡೆ.

'ಗೊತ್ತಿಲ್ಲತ್ತಿ. ನನಗೇನೂ ಗೊತ್ತಿಲ್ಲ.'

ಮಾಳಿಗೆ ಕುಸಿದಾಗಲೂ ಅಂಜದ ಅತ್ತೆಯ ಮುಖ ಆಗ ಬಿಳಿಚಿಕೊಂಡಿತು.

'ಅಯ್ಯ ಶಿವನ, ನಿನಗ ಗೊತ್ತಿಲ್ಲಂದ ಮ್ಯಾಲೆ ಇಲ್ಲಿ ಹೆಂಗ ಕುಂದರಾದೋ, ನಡಿ ನಡಿ' ಅನ್ನುತ್ತಾ ರೊಟ್ಟಿ ಬುಟ್ಟಿ ಕಂಕುಳಿಗೆ ಏರಿಸಿಕೊಂಡು ನನಗಿಂತ ಮೊದಲು ಹೊರಗೆ ಓಡಿದಳು.