ಟೀವಿಯೊಳಗಿನವನಿಗೆ ಆಹ್ವಾನ

ಹಳೆಯ ಲೇಖನವೊಂದರ ತಾರೀಕನ್ನು ತಾಳೆ ನೋಡಲೆಂದು ಮೊನ್ನೆ ಕಪಾಟಿನಿಂದ ದಪ್ಪನೆಯ ಪುಸ್ತಕವೊಂದನ್ನು ಎಳೆದಾಗ, ಅದರೊಳಗಿಂದ ನನ್ನ ಭಾವ ಜಾರಿ ನೆಲಕ್ಕೆ ಬಿದ್ದರು. ಗಾಬರಿಯಾಗಬೇಡಿ, ಬಿದ್ದದ್ದು ಅವರ ಫೋಟೋ.

ಫೋಟೋದಲ್ಲಿ ಅವರ ಪಕ್ಕದಲ್ಲಿ ನಾನೂ ಇದ್ದೇನೆ. ಮೊಳಕಾಲ್ಮೂರಿನ ಅಕ್ಕನ ಮನೆಯ ನಡುಮನೆ. ಭಾವ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ್ದಾರೆ. ನಾನು ಎರಡೂ ಕೈ ಚಾಚಿ, ಬಾಯಿ ತೆರೆದು, ವಿದ್ವಾಂಸನಿಗೆ ಸಲ್ಲದ ಭಂಗಿಯಲ್ಲಿ ನಿಂತಿದ್ದೇನೆ. ನಮ್ಮಿಬ್ಬರ ಮುಂದೆ ಪಟ್ಟೆಪಟ್ಟೆಯ ಬಟ್ಟೆಯೊಂದು ಹರಡಿದೆ. ಭಾವನ ಬೋಳುತಲೆಯಿಂದ ಗೇಣೆತ್ತರದಲ್ಲಿ ಒಂದು ಮಾವಿನ ಹಣ್ಣು ನಿಂತಿದೆ. ಆ ದಿನ ಆ ಮನೆಯಲ್ಲಿ ಅಂಥ ಬಟ್ಟೆಯೂ ಇರಲಿಲ್ಲ, ಮಾವಿನ ಹಣ್ಣೂ ಇರಲಿಲ್ಲ. ಮೂಲೆಯಲ್ಲಿ ಅಚ್ಚಾಗಿರುವ ತಾರೀಕಂತೂ ಶುದ್ಧ ಸುಳ್ಳು. ಅದನ್ನು ನಂಬುವುದಾದರೆ, ಈ ಫೋಟೋ ತೆಗೆದ ಆಟದ ಯಂತ್ರ ಹುಟ್ಟುವುದಕ್ಕೆ ಮೊದಲೇ ನಾವಿಬ್ಬರೂ ಅದರ ಮುಂದೆ ಕುಣಿದಿದ್ದೇವೆ.

ಈ ಕುಣಿತದ ಮೂಲ ಒಂದು ಅಡಿಟಿಪ್ಪಣಿಯಲ್ಲಿದೆ. ನಿವೃತ್ತನಾಗುವವರೆಗೂ ಶಾಸನಗಳ, ಕಡತಗಳ ನಡುವೆಯೇ ಬಾಳಿದ ನನಗೆ, ತಾಳೆ ನೋಡದ ತಾರೀಕು ಎಂದರೆ ಉಪ್ಪು ಹಾಕದ ಸಾರು. ಸ್ಮರಣ ಸಂಚಿಕೆಯೊಂದಕ್ಕೆ ನಮ್ಮ ಸೀಮೆಯ ಕೆರೆಗಳ ಬಗ್ಗೆ ಲೇಖನ ಬರೆಯುವಾಗ, ನಮ್ಮೂರ ಕೆರೆ ಕೋಡಿ ಬಿದ್ದದ್ದು ಯಾವ ವರ್ಷ ಎಂಬ ಪ್ರಶ್ನೆ ಬಂತು. ತಮ್ಮ ಮದುವೆಯ ವರ್ಷ ಎಂದರು ಭಾವ. ಅದರ ಹಿಂದಿನ ವರ್ಷ ಎಂದವು ದಾಖಲೆಗಳು. ನಾನು ದಾಖಲೆಗಳ ಕಡೆಗೆ ವಾಲಿ, ಪುಟದ ಕೆಳಗೆ ಸಣ್ಣಕ್ಷರಗಳಲ್ಲಿ, 'ಈ ಸಂಗತಿಯಲ್ಲಿ ಲೇಖಕನ ಭಾವನವರ ನೆನಪು ವಿಶ್ವಾಸಾರ್ಹವಲ್ಲ' ಎಂದು ಬರೆದೆ. ಅಡಿಟಿಪ್ಪಣಿಗಳನ್ನು ಯಾರೂ ಓದುವುದಿಲ್ಲವೆಂಬುದು ನನ್ನ ಜೀವಮಾನದ ಅನುಭವ. ರೇಷ್ಮೆ ಸೀರೆಯ ವ್ಯಾಪಾರಿಯಾದ ಭಾವ ಮಾತ್ರ, ಸೀರೆಯ ಅಂಚನ್ನು ಮೊದಲು ನೋಡುವ ಅಭ್ಯಾಸದಿಂದಲೋ ಏನೋ, ಪುಟದ ಅಂಚನ್ನೇ ಮೊದಲು ಓದಿದರು.

"ಮದುವೆ ದಿನ ಕೆಸರಾಗೆ ನಡ್ಕಂಡು ಬಂದೋನು ನಾನು. ನನ್ನ ಕಾಲಿಗಿಂತ ಇವನ ಕಾಗದ ದೊಡ್ಡದೇನೇ?" ಎಂದು ಅಕ್ಕನ ಮುಂದೆ ಗುಡುಗಿದರಂತೆ. ಅಂದಿನಿಂದ ನನ್ನೊಡನೆ ಮಾತು ನಿಂತಿತು. ಮಾತು ನಿಂತಿತೇ ಹೊರತು ಉಪಚಾರವಲ್ಲ. ನಾನು ಚಳ್ಳಕೆರೆಯಿಂದ ಊಟಕ್ಕೆ ಹೋದರೆ, ಒಂದು ಮೊಳ ದೂರದಲ್ಲಿ ಕುಳಿತ ಭಾವ, "ನಿನ್ನ ತಮ್ಮಂಗೆ ಸಾರು ಬೇಕೇನೋ ಕೇಳು" ಎನ್ನುತ್ತಿದ್ದರು. "ಸಾಕಂತ ಭಾವನವರಿಗೆ ತಿಳಿಸಕ್ಕ" ಎನ್ನುತ್ತಿದ್ದೆ ನಾನು.

"ನಾನೇನು ಟಪಾಲ್ ಆಫೀಸೇನ್ರಪ್ಪಾ? ಸಾರು ಆರಿ ಹೋಗ್ತೈತೆ" ಎಂದು ಸೌಟು ಹಿಡಿದು ನಿಲ್ಲುತ್ತಿದ್ದಳು ಅಕ್ಕ.

ಹೀಗೇ ನಡೆದುಹೋಗುತ್ತಿತ್ತೇನೋ; ಅಷ್ಟರಲ್ಲಿ ಅವರ ಮಗಳು ಗಿರಿಜೆಗೆ ಕೊಂಡ್ಲಹಳ್ಳಿಯ ಸಂಬಂಧ ಕುದುರಿತು. ನಮ್ಮವರಲ್ಲಿ ಹೆಣ್ಣನ್ನು ಹಸೆಗೆ ಕರೆತರುವವನು ಸೋದರಮಾವ. ಮುಹೂರ್ತ ಬರುವವರೆಗೆ ವಧೂವರರ ನಡುವೆ ಹಿಡಿಯುವ ಅಂತರಪಟದ ಒಂದು ತುದಿಯೂ ಅವನ ಕೈಯಲ್ಲೇ. ಆದರೆ ಅವನನ್ನು ಹೆಣ್ಣಿನ ತಂದೆ ಸ್ವತಃ ಬಾಯಿಬಿಟ್ಟು ಕರೆಯಬೇಕು. ಲಗ್ನಪತ್ರಿಕೆ ಕಳಿಸಿದರೆ ಅದು ಕರೆ ಎನಿಸುವುದಿಲ್ಲ. ಭಾವ ಬಾಯಿ ಬಿಡುವವರಲ್ಲ. ಕರೆಯದೆ ಹೋಗುವವನು ನಾನಲ್ಲ.

"ನೀವಿಬ್ರೂ ಹಿಂಗೇ ಬಿಗ್ಕಂಡು ಕೂತ್ರೆ, ಹಸೆಗೆ ನಾನೊಬ್ಳೇ ನಡ್ಕಂಡು ಹೋಗ್ಲಾ ಮಾವ?" ಎಂದು ಗಿರಿಜೆ ಫೋನಿನಲ್ಲಿ ಕೇಳಿದಳು.

ಗಿರಿಜೆ ಕುದಾಪುರದ ಕ್ಯಾಂಪಸ್ಸೊಂದರಲ್ಲಿ ಕೆಲಸಕ್ಕಿದ್ದಳು. ಒಂದು ಭಾನುವಾರ, ನಾನು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದಾಗ, ಸಹೋದ್ಯೋಗಿಯೊಬ್ಬರಿಂದ ಆಟದ ಯಂತ್ರವೊಂದನ್ನು ಎರವಲು ತಂದಳು. ಜೋಡಿಸಿಕೊಡಲು ಚಳ್ಳಕೆರೆಯ ಟೀವಿ ಮೆಕ್ಯಾನಿಕ್ ರಹಮತ್ ಬಂದಿದ್ದ. ಟೀವಿಯ ನೆತ್ತಿಯ ಮೇಲೆ ಕ್ಯಾಮೆರಾ ಕೂರಿಸಿದ ಕೂಡಲೇ ನಡುಮನೆ ನಮ್ಮ ಸಮೇತ ತೆರೆಯೊಳಗೆ ಹೊಕ್ಕಿತು. ಇಲ್ಲದ ಹಣ್ಣುಗಳು ಅಲ್ಲಿ ಸೂರಿನಿಂದ ಉದುರತೊಡಗಿದವು.

"ಕೈಯಾಗೆ ಏನೂ ಹಿಡಿಯಂಗಿಲ್ಲ ಸಾರ್. ಅದು ನಿಮ್ನ ನೋಡ್ತೈತೆ. ನೀವೇ ರಿಮೋಟು" ಎಂದ ರಹಮತ್.

ಮೂಲೆಯಲ್ಲಿ ತಪ್ಪು ತಾರೀಕು ಮಿನುಗುತ್ತಿರುವುದನ್ನು ನಾನು ತೋರಿಸಿದೆ. "ಛೋಡಿಯೇ ಸಾರ್, ಆಟಕ್ಕೆ ಯಾಕೆ ತಾರೀಕು?" ಎಂದು ನಕ್ಕ. ಇಂಥ ಮನೋಧರ್ಮದಿಂದಲೇ ಚರಿತ್ರೆ ಹಾಳಾಗುವುದು ಎಂದು ಒಳಗೊಳಗೇ ಮರುಗಿದೆ.

ಗಿರಿಜೆ ಆರಿಸಿದ್ದು ಇಬ್ಬರೇ ಆಡಬೇಕಾದ ಆಟ. ತೆರೆಯ ಮೇಲೆ ಯಂತ್ರ ಒಂದು ಬಟ್ಟೆ ಹರಡುತ್ತದೆ. ಅದರ ಎರಡು ತುದಿಗಳನ್ನು ಇಬ್ಬರು ಹಿಡಿದಂತೆ ಕೈಯೆತ್ತಿ, ಬೀಳುವ ಹಣ್ಣುಗಳನ್ನು ಅದರಲ್ಲಿ ಹಿಡಿಯಬೇಕು. "ಈ ಕಡೆ ಅಪ್ಪ, ಆ ಕಡೆ ಮಾವ" ಎಂದು ಇಬ್ಬರನ್ನೂ ತಳ್ಳಿ ನಿಲ್ಲಿಸಿದಳು. ಚಿಕ್ಕ ನಡುಮನೆ, ದೂರ ನಿಂತರೆ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಭುಜಕ್ಕೆ ಭುಜ ತಾಗಿಸಿ, ಮುಖ ಮಾತ್ರ ಆಚೀಚೆ ತಿರುಗಿಸಿ ನಿಂತೆವು.

ನಾನು ಬಲಗೈ ಎತ್ತಿದರೆ ತೆರೆಯ ಮೇಲಿನ ನಾನು ಎತ್ತುವುದು ಬಲಗೈಯೋ ಎಡಗೈಯೋ ಎಂದು ಪರಾಮರ್ಶಿಸುತ್ತಿರುವಾಗಲೇ ಹಣ್ಣುಗಳು ನೆಲ ಕಂಡವು. ನನ್ನ ತುದಿ ಜೋಲುತ್ತಿತ್ತು. ಭಾವನ ಉಸಿರು ಬಿಸಿಯಾಯಿತು. ಅವರು ನನ್ನತ್ತ ತಿರುಗಲಿಲ್ಲ, ಟೀವಿಯೊಳಗಿನ ನನ್ನನ್ನು ನೇರವಾಗಿ ನೋಡಿ ಕೂಗಿದರು: "ಲೇ ಕನ್ನಡಕ! ಎತ್ತೋ!"

ನಾನು ಎತ್ತಿದೆ. ಒಂದು ಹಣ್ಣು ಬಟ್ಟೆಗೆ ಬಿತ್ತು. ಭಾವನಿಗೆ ಆವೇಶ ಬಂದರೆ ತೆಲುಗು ಬರುತ್ತದೆ. "ಪೈಕಿ, ಪೈಕಿ! ಇನ್ನೂ ಮೇಲಕ್ಕೆ!" ಎನ್ನುತ್ತ ಪಂಚೆ ಎತ್ತಿ ಕಟ್ಟಿದರು. ನಾನು ಮತ್ತೆ ತಡಮಾಡಿದೆ, ಮಾವಿನ ಹಣ್ಣು ಜಾರಿತು, ಭಾವ ಸಿಡಿದರು.

"ಗಿರಿಜೆ ಮದುವೇಲಿ ಅಂತರಪಟಾನೂ ಹಿಂಗೇ ಜೋಲಾಡಿಸ್ಕಂಡು ಹಿಡೀತೀಯೇನಲೇ? ಕೊಂಡ್ಲಹಳ್ಳಿಯೋರು ನಗಲ್ವಾ? ನೆಟ್ಟಗೆ ಹಿಡಿಯೋ!"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಕೈಲಿದ್ದ ತಟ್ಟೆ ಬಿಟ್ಟಳು. "ಕರೆದ್ರು! ನನ್ನ ತಮ್ಮನ್ನ ಬಾಯಿಬಿಟ್ಟು ಕರೆದ್ರು!"

"ನಾನೆಲ್ಲಿ ಇವನ ತಾವ ಮಾತಾಡ್ದೆ? ಟೀವಿಯೊಳಗಿರೋನ್ನ ಕರೆದೀನಿ" ಎಂದರು ಭಾವ, ತೆರೆಯಿಂದ ಕಣ್ಣು ಕೀಳದೆ. ಹಾಗೆ ನೋಡುತ್ತಲೇ ಸೇರಿಸಿದರು: "ಅವನ ಹಿಂದೆ ಇವನೂ ಬಂದ್ರೆ ಬೇಡ ಅನ್ನಕ್ಕಾಗ್ತೈತಾ?"

"ಇಬ್ಬರೂ ಬರ್ತೀವಿ ಭಾವ" ಎಂದು ನಾನೂ ಟೀವಿಗೇ ಹೇಳಿದೆ. ಆ ಗಳಿಗೆಯಲ್ಲಿ ಯಂತ್ರ ತಾನಾಗಿಯೇ ಒಂದು ಫೋಟೋ ತೆಗೆದುಕೊಂಡಿತು; ಆಮೇಲೆ ಗಿರಿಜೆ ಅದನ್ನು ಅಚ್ಚು ಹಾಕಿಸಿ ನನಗೆ ಕೊಟ್ಟಳು.

ಮದುವೆಯಲ್ಲಿ ಅಂತರಪಟ ನೆಟ್ಟಗಿತ್ತು. ಕೈ ನೋಯುವಷ್ಟು ನೆಟ್ಟಗೆ. ಕೆರೆಯ ವಿಷಯದಲ್ಲಿ ಭಾವನೂ ನಾನೂ ಇಂದಿಗೂ ಒಂದು ಕೂದಲಿನಷ್ಟು ಕದಲಿಲ್ಲ.

ಮೊನ್ನೆ ಆ ಫೋಟೋವನ್ನು ಎತ್ತಿಕೊಂಡು, ಸುಳ್ಳು ತಾರೀಕನ್ನು ತಿದ್ದಲು ಕೆಂಪು ಪೆನ್ನು ತೆಗೆದೆ. ಸರಿಯಾದ ತಾರೀಕಿಗೆ ಕಾಗದದ ಆಧಾರ ಎಲ್ಲಿಯೂ ಇರಲಿಲ್ಲ. ವಿಧಿಯಿಲ್ಲದೆ ಮೊಳಕಾಲ್ಮೂರಿಗೆ ಫೋನು ಮಾಡಿದೆ.

"ಆ ಮಾವಿನಹಣ್ಣಿನ ಆಟವಾ? ಕೊಂಡ್ಲಹಳ್ಳಿ ಬೀಗರು ಬಂದು ಹೋದ ಮಾರನೇ ದಿನ" ಎಂದರು ಭಾವ, ಒಂದಿಷ್ಟೂ ಯೋಚಿಸದೆ. "ಯಾಕಲೇ? ನನ್ನ ನೆನಪು ಸರಿಯಿಲ್ಲ ಅಂತ ಮತ್ತೆ ಕೆಳಗೆ ಬರೀತೀಯಾ?"

ಬೀಗರು ಬಂದದ್ದು ಒಂದು ಸೋಮವಾರ; ಅದು ನನಗೆ ಖಚಿತ. ನಾವು ಆಡಿದ್ದು ಭಾನುವಾರ. ಸೋಮವಾರದ ಮಾರನೆಯ ದಿನ ಭಾನುವಾರ ಬರುವ ಪಂಚಾಂಗ ಈ ಸೀಮೆಯಲ್ಲಿ ಈವರೆಗೆ ಅಚ್ಚಾಗಿಲ್ಲ.

"ಇಲ್ಲ ಭಾವ, ನೀವು ಹೇಳಿದ್ದನ್ನೇ ಬರೀತೀನಿ" ಎಂದು ಫೋನಿಟ್ಟೆ. ಕೆಂಪು ಪೆನ್ನನ್ನು ಒಳಗಿಟ್ಟು, ಕಪ್ಪು ಪೆನ್ನಿನಿಂದ ಫೋಟೋದ ಹಿಂಬದಿಯಲ್ಲಿ ಬರೆದೆ: 'ಬೀಗರು ಬಂದು ಹೋದ ಮಾರನೆಯ ದಿನ. ಆಧಾರ: ಭಾವ.'